ಒಮ್ಮೆ ಕೂಡಿಸಿದ ಲೆಕ್ಕ: ಸ್ವಂತ ಬಿಲ್ಡ್ ಕ್ಯಾಶ್ ಸರ್ವರ್ ನಡೆಸುವ ಪಾಠ



ಸಾಯಂಕಾಲ ನಮ್ಮ ವಾಚನಾಲಯದ ಮೇಜಿನ ಸುತ್ತ ಕೂಡುವವರಲ್ಲಿ ಎರಡು ಬಗೆಯವರುಂಟು. ಕಚೇರಿ, ಗೋದಾಮು, ಹೋಟೆಲು, ಕಾರಖಾನೆಗಳಲ್ಲಿ ದುಡಿದು ಬಂದು ಊರ ಕಡೆಯ ಪತ್ರಿಕೆಯನ್ನು ಹುಡುಕುವವರು ಒಂದು ಬಗೆ. ಕಂಪ್ಯೂಟರ್ ಕಚೇರಿಗಳಿಗೆ ಹೊಸದಾಗಿ ಸೇರಿದ ತರುಣ ತರುಣಿಯರು ಇನ್ನೊಂದು ಬಗೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಂಬ ಭಾವನೆ ಇಬ್ಬರಲ್ಲಿಯೂ ಇದೆ. ಅದು ಪೂರ್ತಿ ನಿಜವಲ್ಲ. ಈ ಪಾಠದಲ್ಲಿ ಹೇಳಹೊರಟಿರುವ ವಿಷಯ ಕಂಪ್ಯೂಟರಿಗೆ ಸೇರಿದ್ದಾದರೂ ಅದರ ಮೂಲ ತತ್ತ್ವ ಪಗಾರದ ಪಟ್ಟಿ ಬರೆಯುವ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಆದುದರಿಂದ ಇಬ್ಬರೂ ಓದಬೇಕೆಂದು ಕೋರಿಕೆ.

1. ಬಿಲ್ಡ್ ಎಂದರೇನು?

ಪ್ರೋಗ್ರಾಮರನು ಬರೆಯುವುದು ಮನುಷ್ಯನು ಓದಬಲ್ಲ ಅಕ್ಷರಗಳಲ್ಲಿ. ಇದಕ್ಕೆ ಸೋರ್ಸ್ ಎಂದು ಹೆಸರು. ಯಂತ್ರಕ್ಕೆ ಬೇಕಾಗುವುದು ಯಂತ್ರದ ಭಾಷೆ. ಒಂದೊಂದು ಸೋರ್ಸ್ ಕಡತವನ್ನು ಕಂಪೈಲರ್ ಎಂಬ ಸಾಧನವು ಯಂತ್ರಭಾಷೆಗೆ ತಿರುಗಿಸುವುದು. ಹೀಗೆ ತಿರುಗಿಸಿದ ತುಂಡುಗಳನ್ನೆಲ್ಲ ಲಿಂಕರ್ ಎಂಬುದು ಒಂದಾಗಿ ಜೋಡಿಸುವುದು. ಆಮೇಲೆ ಪರೀಕ್ಷೆಗಳು ನಡೆಯುವುವು. ಈ ಎಲ್ಲವೂ ಕೂಡಿದ ಕಾರ್ಯಕ್ಕೆ ಬಿಲ್ಡ್ ಎನ್ನುತ್ತಾರೆ. ದೊಡ್ಡ ಕೆಲಸಗಳಲ್ಲಿ ಸಾವಿರಾರು ಕಡತಗಳಿರುವುದರಿಂದ ಒಂದು ಬಿಲ್ಡ್ ಮುಗಿಯಲು ಅರ್ಧ ಗಂಟೆ, ಕೆಲವು ಕಡೆ ಅದಕ್ಕೂ ಹೆಚ್ಚು ಹೊತ್ತು ಹಿಡಿಯುವುದುಂಟು.

ಒಂದು ಕಡತ ಬದಲಾದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕೆ? ಬೇಡವೆಂದು ತೋರಿಸಿದ ಸಾಧನ ‘ಮೇಕ್’. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ಇದನ್ನು ರಚಿಸಿದರು. ಸೋರ್ಸ್ ಕಡತದ ವೇಳೆ, ತಯಾರಾದ ತುಂಡಿನ ವೇಳೆ, ಇವೆರಡನ್ನು ಹೋಲಿಸಿ, ಸೋರ್ಸ್ ಹೊಸದಾಗಿದ್ದರೆ ಮಾತ್ರ ಮತ್ತೆ ಮಾಡುವುದು ಇದರ ಕ್ರಮ. ಉಪಾಯ ಒಳ್ಳೆಯದು. ಆದರೆ ಇದು ಒಂದೇ ಯಂತ್ರದೊಳಗಿನ ಮಾತು. ಪಕ್ಕದ ಮೇಜಿನವನು ಅದೇ ಕೆಲಸವನ್ನು ಈಗಾಗಲೇ ಮಾಡಿ ಮುಗಿಸಿದ್ದಾನೆಂಬುದು ಇದಕ್ಕೆ ತಿಳಿಯದು.

2. ಪಗಾರದ ಪಟ್ಟಿಯ ಹೋಲಿಕೆ

ಒಬ್ಬ ಗುಮಾಸ್ತನು ನೂರು ಜನರ ಪಗಾರವನ್ನು ಕೂಡಿಸಿದನೆಂದು ಇಟ್ಟುಕೊಳ್ಳೋಣ. ಅವನಿಗೆ ಬೇಕಾದುವು ಮೂರು: ಹಾಜರಿ ಪುಸ್ತಕ, ದರದ ಪಟ್ಟಿ, ಕಡಿತದ ಪಟ್ಟಿ. ಈ ಮೂರರಲ್ಲಿ ಒಂದಂಕಿಯೂ ಬದಲಾಗದಿದ್ದರೆ ಮೊತ್ತವೂ ಬದಲಾಗದು. ಹೀಗಿರುವಲ್ಲಿ ಇನ್ನೊಬ್ಬ ಗುಮಾಸ್ತನು ಅದೇ ಲೆಕ್ಕವನ್ನು ಮೊದಲಿನಿಂದ ಕೂಡಿಸುವುದು ವ್ಯರ್ಥ ಶ್ರಮ. ಮೊದಲನೆಯವನ ಉತ್ತರವನ್ನು ಕಪಾಟಿನಲ್ಲಿಟ್ಟು, ಮೇಲೆ ‘ಇಂಥ ಹಾಜರಿ, ಇಂಥ ದರ, ಇಂಥ ಕಡಿತಕ್ಕೆ ಈ ಮೊತ್ತ’ ಎಂದು ಚೀಟಿ ಅಂಟಿಸಿದರೆ ಸಾಕು.

ಬಿಲ್ಡ್ ಕ್ಯಾಶ್ ಎಂಬುದು ಇಂಥ ಕಪಾಟು. ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ. ಬಚ್ಚಿಡು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಬೇರೆ ಶಬ್ದ. ಉಚ್ಚಾರ ಒಂದೇ ಆದುದರಿಂದ ಗಲಿಬಿಲಿಯಾಗಬಾರದು. ಈ ಕಪಾಟು ಒಬ್ಬನ ಮೇಜಿನೊಳಗಿದ್ದರೆ ಸ್ಥಳೀಯ ಕ್ಯಾಶ್. ಎಲ್ಲರ ಯಂತ್ರಗಳಿಂದಲೂ ತಲುಪಬಹುದಾದ ಬೇರೊಂದು ಸರ್ವರಿನಲ್ಲಿದ್ದರೆ ದೂರದ ಕ್ಯಾಶ್.

ಲಾಭವೆಷ್ಟು? ಎಣಿಕೆಗೆಂದು ಒಂದು ಲೆಕ್ಕ ಹಾಕೋಣ. ಹತ್ತು ಜನ, ದಿನಕ್ಕೆ ಎರಡು ಬಿಲ್ಡ್, ಒಂದೊಂದಕ್ಕೆ 30 ನಿಮಿಷ. ಒಟ್ಟು 600 ನಿಮಿಷ, ಎಂದರೆ 10 ಗಂಟೆ. ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಕಪಾಟಿನಿಂದಲೇ ದೊರೆತರೆ ಉಳಿಯುವ ಕಾಯುವಿಕೆ ಸುಮಾರು ಒಂದು ಗಂಟೆ, ಮೇಲೆ ತರುವ ಹೊತ್ತು ಸ್ವಲ್ಪ.

3. ಕಿರ್ದಿ ಮತ್ತು ಗೋದಾಮು

ಈಗ ಚೀಟಿಯ ವಿಚಾರ. ಸಾವಿರಾರು ಕಡತಗಳ ಒಳಗನ್ನೆಲ್ಲ ಚೀಟಿಯ ಮೇಲೆ ಬರೆಯಲಾಗದು. ಅದಕ್ಕೆ ಬೆರಳಚ್ಚಿನಂಥ ಉಪಾಯವೊಂದುಂಟು. ಎಸ್‌ಎಚ್‌ಎ-256 ಎಂಬ ಗಣಿತಕ್ರಮವು ಎಷ್ಟೇ ದೊಡ್ಡ ಕಡತವನ್ನು ಕೊಟ್ಟರೂ 256 ಬಿಟ್‌ಗಳ, ಎಂದರೆ ಹದಿನಾರರ ಎಣಿಕೆಯಲ್ಲಿ ಬರೆದರೆ 64 ಅಂಕಿಗಳ ಒಂದು ಗುರುತನ್ನು ಕೊಡುವುದು. ಕಡತದಲ್ಲಿ ಒಂದಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುವುದು.

ಗೂಗಲ್ ಸಂಸ್ಥೆಯು ತನ್ನ ಒಳಗೆ ಬ್ಲೇಜ್ ಎಂಬ ಹೆಸರಿನಲ್ಲಿ ಬಳಸುತ್ತಿದ್ದ ಸಾಧನವನ್ನು 2015ರಲ್ಲಿ ಬೇಜಲ್ ಎಂಬ ಹೆಸರಿನಿಂದ ಎಲ್ಲರಿಗೂ ತೆರೆದಿಟ್ಟಿತು. ಅದರ ದೂರದ ಕ್ಯಾಶ್ ಎರಡು ಭಾಗವಾಗಿದೆ. ಮೊದಲನೆಯದು ಕ್ರಿಯೆಯ ಕಿರ್ದಿ. ಇದಕ್ಕೆ ಎಸಿ ಎನ್ನುತ್ತಾರೆ. ಯಾವ ಆಜ್ಞೆ, ಯಾವ ಕಡತಗಳು, ಯಾವ ಪರಿಸರದ ಚರಗಳು ಎಂಬುದನ್ನೆಲ್ಲ ಕೂಡಿಸಿದ ಗುರುತು ಇದರ ಎಡಗಡೆ. ಅದರಿಂದ ಹುಟ್ಟಿದ ವಸ್ತುಗಳ ಗುರುತುಗಳು ಬಲಗಡೆ. ಎರಡನೆಯದು ಗೋದಾಮು, ಇದಕ್ಕೆ ಸಿಎಎಸ್ ಎಂದು ಹೆಸರು. ಇಲ್ಲಿ ಪ್ರತಿ ವಸ್ತುವೂ ತನ್ನ ಒಳಗಿನ ಗುರುತನ್ನೇ ಹೆಸರಾಗಿ ಪಡೆದು ಕೂತಿರುವುದು.

ಬಿಲ್ಡ್ ನಡೆಯುವಾಗ ಸಾಧನವು ಮೊದಲು ಕಿರ್ದಿಯನ್ನು ನೋಡುವುದು. ನಮೂದು ಇದ್ದರೆ ಗೋದಾಮಿನಿಂದ ವಸ್ತುವನ್ನು ತರುವುದು. ಇಲ್ಲದಿದ್ದರೆ ತಾನೇ ಕೆಲಸಮಾಡಿ, ವಸ್ತುವನ್ನು ಗೋದಾಮಿಗೆ ಹಾಕಿ, ಆಮೇಲೆ ಕಿರ್ದಿಯಲ್ಲಿ ಬರೆಯುವುದು. ಇಲ್ಲೊಂದು ಸೂಕ್ಷ್ಮವನ್ನು ನೆನಪಿಡತಕ್ಕದ್ದು. ಗೋದಾಮಿನ ವಸ್ತು ಕೆಟ್ಟಿದ್ದರೆ ಗುರುತನ್ನು ಮತ್ತೆ ಲೆಕ್ಕಹಾಕಿ ಕಂಡುಹಿಡಿಯಬಹುದು. ಕಿರ್ದಿಯ ನಮೂದು ಸುಳ್ಳಾಗಿದ್ದರೆ ಹಾಗೆ ಕಂಡುಹಿಡಿಯಲಾಗದು. ಅಲ್ಲಿ ನಡೆಯುವುದು ಬರೆದವನ ಮೇಲಿನ ನಂಬಿಕೆ ಮಾತ್ರ.

4. ಸರ್ವರನ್ನು ನಿಲ್ಲಿಸುವ ಕ್ರಮ

ಬೇಜಲ್-ರಿಮೋಟ್ ಎಂಬುದು ಈ ಕೆಲಸಕ್ಕಾಗಿಯೇ ರಚಿತವಾದ, ಯಾರೂ ಬಳಸಬಹುದಾದ ತೆರೆದ ಸರ್ವರ್. ಸಣ್ಣ ಕಚೇರಿಗೆ ಇದೊಂದೇ ಸಾಕು. ಇದನ್ನು ಮೊದಲು ನಿಲ್ಲಿಸುವವರು ಈ ಕ್ರಮವನ್ನು ಅನುಸರಿಸಬಹುದು.

ಮೊದಲನೆಯದಾಗಿ, ಒಂದು ಲಿನಕ್ಸ್ ಯಂತ್ರ, ಅದರಲ್ಲಿ ವೇಗವಾದ ಡಿಸ್ಕ್. ಸರ್ವರಿಗೆ ಹೇಳಲೇಬೇಕಾದ ಸಂಗತಿ ಎರಡು: ವಸ್ತುಗಳನ್ನು ಇಡುವ ಜಾಗ ಯಾವುದು, ಗರಿಷ್ಠ ಗಾತ್ರ ಎಷ್ಟು ಗಿಗಾಬೈಟ್. 200 ಗಿಗಾಬೈಟ್ ಡಿಸ್ಕಿದ್ದರೆ 200 ಎಂದೇ ಬರೆಯಬೇಡಿ. 160 ಎಂದು ಬರೆದು ಉಳಿದುದನ್ನು ಖಾಲಿ ಬಿಡಿ. ಗಾತ್ರ ಮೀರಿದಾಗ ಸರ್ವರು ಬಹುಕಾಲದಿಂದ ಯಾರೂ ಕೇಳದ ವಸ್ತುವನ್ನು ಮೊದಲು ಹೊರಹಾಕುವುದು.

ಎರಡನೆಯದಾಗಿ, ಬೆನ್ನ ಹಿಂದೆ ಮೋಡದ ಸಂಗ್ರಹ, ಎಂದರೆ ಕ್ಲೌಡ್ ಸ್ಟೋರೇಜ್. ಅಮೆಜಾನಿನ ಎಸ್3 ಎಂಬ ಸಂಗ್ರಹವು 2006ರಲ್ಲಿ ಪ್ರಾರಂಭವಾಯಿತು. ಅದರ ಮುಂಬಯಿ ಪ್ರಾಂತವು 2016ರಲ್ಲಿಯೂ ಹೈದರಾಬಾದ್ ಪ್ರಾಂತವು 2022ರಲ್ಲಿಯೂ ತೆರೆದುವು. ಗೂಗಲ್, ಮೈಕ್ರೋಸಾಫ್ಟ್ ಸಂಸ್ಥೆಗಳ ಸಂಗ್ರಹಗಳನ್ನೂ ಈ ಸರ್ವರು ಬಲ್ಲದು. ಡಿಸ್ಕಿನಲ್ಲಿ ಸಿಗದ ವಸ್ತುವನ್ನು ಅದು ಮೋಡದಲ್ಲಿ ಹುಡುಕುವುದು. ಹೊಸ ವಸ್ತು ಬಂದಾಗ ಡಿಸ್ಕಿನಲ್ಲಿಟ್ಟು, ಕೇಳಿದವರನ್ನು ಕಾಯಿಸದೆ, ಹಿಂದಿನಿಂದ ಮೋಡಕ್ಕೆ ಕಳುಹಿಸುವುದು. ಹೋಟೆಲಿನಲ್ಲಿ ಅಂದಿನ ಅಡುಗೆಗೆ ಬೇಕಾದ ಅಕ್ಕಿ ಬೇಳೆ ಒಲೆಯ ಬಳಿಯ ಡಬ್ಬಿಗಳಲ್ಲಿ, ಉಳಿದ ಮೂಟೆಗಳು ಹಿಂದಿನ ಕೋಣೆಯಲ್ಲಿ ಇರುವಂತೆ ಇದು. ಯಂತ್ರ ಕೆಟ್ಟು ಹೊಸ ಯಂತ್ರ ತಂದರೂ ಹಿಂದಿನ ಕೋಣೆ ಹಾಗೆಯೇ ಇರುವುದು.

ಮೂರನೆಯದಾಗಿ, ಬಾಗಿಲಿಗೆ ಬೀಗ. ಸರ್ವರನ್ನು ಕಚೇರಿಯ ಒಳಜಾಲದಲ್ಲಿಯೇ ಇಡಿ. ಟಿಎಲ್‌ಎಸ್ ಹಾಕಿ. ಹೆಸರು-ಗುಪ್ತಪದಗಳ ಕಡತವನ್ನು ಕೊಡಿ. ಓದುವುದಕ್ಕೆ ಗುಪ್ತಪದ ಬೇಡ, ಬರೆಯುವುದಕ್ಕೆ ಮಾತ್ರ ಬೇಕು ಎಂದು ನಿಯಮಿಸುವ ಅನುಕೂಲವೂ ಇದರಲ್ಲಿದೆ. ಮೋಡದ ಬಕೆಟ್ಟನ್ನು ಎಂದಿಗೂ ಸಾರ್ವಜನಿಕವಾಗಿ ತೆರೆದಿಡಬೇಡಿ.

ನಾಲ್ಕನೆಯದಾಗಿ, ಪರೀಕ್ಷೆ. ಒಂದು ಯಂತ್ರದಲ್ಲಿ ಬಿಲ್ಡ್ ಮಾಡಿ. ಇನ್ನೊಂದು ಯಂತ್ರದಲ್ಲಿ ಎಲ್ಲವನ್ನೂ ಅಳಿಸಿ ಅದೇ ಸೋರ್ಸನ್ನು ಬಿಲ್ಡ್ ಮಾಡಿ. ಕೊನೆಯಲ್ಲಿ ಬೇಜಲ್ ತಾನೇ ಎಷ್ಟು ಕ್ರಿಯೆಗಳು ದೂರದ ಕ್ಯಾಶ್‌ನಿಂದ ದೊರೆತುವೆಂದು ಬರೆದು ತೋರಿಸುವುದು. ಬಹುಪಾಲು ದೊರೆಯದಿದ್ದರೆ ಎರಡು ಯಂತ್ರಗಳ ನಡುವೆ ಏನೋ ಭೇದವಿದೆ ಎಂದರ್ಥ. ಹೆಚ್ಚಾಗಿ ಅದು ಪರಿಸರದ ಚರಗಳ ಭೇದ.

5. ನಮ್ಮ ತಪ್ಪಿನ ಕಥೆ

ಇಲ್ಲಿಯವರೆಗೆ ಹೇಳಿದ್ದು ಲಾಭದ ಮಾತು. ಇನ್ನು ನಷ್ಟದ ಮಾತು. ಇದು 2022ರಲ್ಲಿ ನಾನು ಕೆಲಸಮಾಡುತ್ತಿದ್ದ ಕಚೇರಿಯಲ್ಲಿ ನಡೆದದ್ದು. ಸರ್ವರನ್ನು ನಿಲ್ಲಿಸಿದವನು ನಾನೇ ಆದುದರಿಂದ ತಪ್ಪಿನ ಹೆಚ್ಚಿನ ಪಾಲು ನನ್ನದು.

ಕಾವಲುಗಾರರು ಮತ್ತು ಕಸಗುಡಿಸುವವರ ವಾರದ ಕೂಲಿಯನ್ನು ಲೆಕ್ಕಹಾಕುವ ಪ್ರೋಗ್ರಾಮು ನಮ್ಮದು. ಶುಕ್ರವಾರ ಹೊಸ ಕೂಲಿಯ ದರಗಳನ್ನು ಸೇರಿಸಿದೆವು. ನನ್ನ ಜೊತೆಗಾರನೊಬ್ಬನು ಅದೇ ವಾರ ತನ್ನ ಯಂತ್ರಕ್ಕೆ ಉಬುಂಟು 22.04 ಹಾಕಿಕೊಂಡಿದ್ದನು. ಕೂಲಿಯ ಲೆಕ್ಕ ನಡೆಯುವ ಯಂತ್ರವೂ, ಕೊನೆಯ ಬಿಲ್ಡ್ ಮಾಡುವ ಯಂತ್ರವೂ ಇನ್ನೂ 20.04ರಲ್ಲಿದ್ದುವು. ಬದಲಾದ ಸೋರ್ಸನ್ನು ಮೊದಲು ಬಿಲ್ಡ್ ಮಾಡಿದವನು ಜೊತೆಗಾರ. ಎಲ್ಲರಿಗೂ ಬರೆಯುವ ಹಕ್ಕಿದ್ದುದರಿಂದ ಅವನ ಯಂತ್ರದ ಫಲ ಕ್ಯಾಶ್‌ಗೆ ಹೋಯಿತು. ಕಂಪೈಲರು ಎರಡೂ ಕಡೆ ಒಂದೇ ಹೆಸರಿನ ಜಾಗದಲ್ಲಿತ್ತು. ಅದರ ಒಳಗೇನಿದೆ ಎಂಬುದನ್ನು ನಮ್ಮ ಚೀಟಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೀಗಾಗಿ ಗುರುತು ಒಂದೇ ಆಯಿತು. ಕೊನೆಯ ಬಿಲ್ಡ್ ಮಾಡುವ ಯಂತ್ರವು ತಾನು ಮಾಡುವ ಬದಲು ಅವನ ಫಲವನ್ನೇ ಎತ್ತಿಕೊಂಡಿತು.

ಪರೀಕ್ಷೆಯಲ್ಲಿ ಏಕೆ ಸಿಕ್ಕಿಬೀಳಲಿಲ್ಲವೆಂದು ನೀವು ಕೇಳಬಹುದು. ಪರೀಕ್ಷೆಯ ಫಲಿತಾಂಶವೂ ಕ್ಯಾಶ್‌ನಿಂದಲೇ ಬಂತು! ಜೊತೆಗಾರನ ಯಂತ್ರದಲ್ಲಿ ಅದು ಪಾಸಾಗಿತ್ತು.

ಶನಿವಾರ ಬೆಳಿಗ್ಗೆ ಪ್ರೋಗ್ರಾಮು ಏಳಲೇ ಇಲ್ಲ. 22.04ರಲ್ಲಿರುವ ಮೂಲ ಸಿ ಗ್ರಂಥಾಲಯದ ಆವೃತ್ತಿ 2.35. 20.04ರಲ್ಲಿರುವುದು 2.31. ಹೊಸದರಲ್ಲಿ ಜೋಡಿಸಿದ ಪ್ರೋಗ್ರಾಮು ಹಳೆಯದರಲ್ಲಿ ಇಲ್ಲದ ಗುರುತನ್ನು ಕೇಳುತ್ತಿತ್ತು. ಹಳೆಯ ಆವೃತ್ತಿಗೆ ಮರಳೋಣವೆಂದರೆ ಹೊಸ ದರಗಳು ಅದರಲ್ಲಿರಲಿಲ್ಲ. ಮತ್ತೆ ಬಿಲ್ಡ್ ಮಾಡಿದರೆ ಕ್ಯಾಶ್ ಅದೇ ಕೆಟ್ಟ ಫಲವನ್ನು ತಿರುಗಿ ಕೊಡುತ್ತಿತ್ತು. ಕಾರಣ ತಿಳಿಯುವಷ್ಟರಲ್ಲಿ ಸಾಯಂಕಾಲವಾಯಿತು. ಕೂಲಿ ಸೋಮವಾರ ಸಂದಾಯವಾಯಿತು.

ನಮ್ಮ ಕಟ್ಟಡದ ಬಾಗಿಲು ಕಾಯುವವರು ಬಾಗಲಕೋಟೆ ಕಡೆಯ ಹಿರಿಯರು. ಅವರ ಕೂಲಿಯೂ ಅದೇ ಪಟ್ಟಿಯಲ್ಲಿ. ಸೋಮವಾರ ಅವರು ಸಿಟ್ಟು ಮಾಡಲಿಲ್ಲ. “ತಮ್ಮಾ, ಶನಿವಾರ ಊರಿಗೆ ರೊಕ್ಕ ಕಳಸೂದಿತ್ತು. ಮಗಳ ಫೀಜಿಗೆ ಕಡೇ ದಿನಾ ಆಗಿತ್ತು” ಎಂದಷ್ಟೇ ಅಂದರು. ಬಿಲ್ಡಿನಲ್ಲಿ ಇಪ್ಪತ್ತು ನಿಮಿಷ ಉಳಿಸಿದೆನೆಂಬ ನನ್ನ ಹಿಗ್ಗು ಅಂದಿಗೆ ಇಳಿಯಿತು.

ಹೋಲಿಕೆಗೆ ಮರಳಿದರೆ, ನಮ್ಮ ಗುಮಾಸ್ತರು ‘ಗೋಡೆಯ ಮೇಲಿನ ದರದ ಪಟ್ಟಿಯಂತೆ’ ಎಂದು ಚೀಟಿ ಬರೆದಿದ್ದರು. ಎರಡು ಕಚೇರಿಗಳ ಗೋಡೆಯ ಮೇಲೆ ಬೇರೆ ಬೇರೆ ಪಟ್ಟಿಗಳು ತೂಗುತ್ತಿದ್ದುವು.

6. ಅದರಿಂದ ಕಲಿತ ನಿಯಮಗಳು

(ಅ) ಕಂಪೈಲರು, ಗ್ರಂಥಾಲಯ ಮೊದಲಾದ ಎಲ್ಲ ಸಾಧನಗಳನ್ನೂ ಬಿಲ್ಡಿನ ಘೋಷಿತ ಒಳಹರಿವಾಗಿ ಮಾಡತಕ್ಕದ್ದು. ಯಂತ್ರದಲ್ಲಿ ಮೊದಲೇ ಇರುವ ಕಂಪೈಲರಿನ ಬದಲಾವಣೆಯನ್ನು ಬೇಜಲ್ ತಾನಾಗಿ ಗಮನಿಸದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಅಷ್ಟು ಸಾಧ್ಯವಾಗದಿದ್ದರೆ ಎಲ್ಲರೂ ಒಂದೇ ಕಂಟೇನರ್ ಪ್ರತಿಯೊಳಗೆ ಬಿಲ್ಡ್ ಮಾಡತಕ್ಕದ್ದು.

(ಆ) ಬರೆಯುವ ಹಕ್ಕು ಕಚೇರಿಯ ನಿಯಮಿತ ಬಿಲ್ಡ್ ಯಂತ್ರಕ್ಕೆ ಮಾತ್ರ. ಉಳಿದವರು ಓದಬಹುದು. ಬೇಜಲ್‌ನಲ್ಲಿ ಸ್ವಂತ ಫಲವನ್ನು ಮೇಲಕ್ಕೆ ಕಳುಹಿಸದಂತೆ ತಡೆಯುವ ಆಯ್ಕೆಯಿದೆ. ಆದರೆ ಅದು ಸಭ್ಯರಿಗೆ ಹೇಳಿದ ಮಾತು. ನಿಜವಾದ ತಡೆ ಸರ್ವರಿನಲ್ಲಿಯೇ ಇರಬೇಕು.

(ಇ) ಇನ್ನೂ ಪರಿಶೀಲನೆಯಾಗದ ಬದಲಾವಣೆಗಳನ್ನು ಬಿಲ್ಡ್ ಮಾಡುವ ಯಂತ್ರಗಳಿಗೂ ಮುಖ್ಯ ಕ್ಯಾಶ್‌ಗೆ ಬರೆಯುವ ಹಕ್ಕು ಕೊಡಬಾರದು. ನಮ್ಮದು ಅಜಾಗರೂಕತೆ. ದುರುದ್ದೇಶದವನು ಇದ್ದರೆ ಬೇಕೆಂದೇ ಸುಳ್ಳು ನಮೂದು ಬರೆದು ತನ್ನ ಪ್ರೋಗ್ರಾಮನ್ನು ಎಲ್ಲರ ಯಂತ್ರಕ್ಕೂ ಸೇರಿಸಬಲ್ಲನು. ಬಕೆಟ್ಟನ್ನು ನೇರವಾಗಿ ಹಂಚಿಕೊಳ್ಳುವ ಬಿಲ್ಡ್ ಕ್ಯಾಶ್‌ಗಳ ಈ ದೋಷದ ಬಗ್ಗೆ 2025ರಲ್ಲಿ ಸಿವಿಇ-2025-36852 ಎಂಬ ಸಂಖ್ಯೆಯಡಿ ಬಹಿರಂಗ ಎಚ್ಚರಿಕೆಯೇ ಪ್ರಕಟವಾಯಿತು.

(ಈ) ಹೊರಗೆ ಕಳುಹಿಸುವ ಕೊನೆಯ ಪ್ರತಿಯನ್ನು ಕ್ಯಾಶ್ ಇಲ್ಲದೆ ಬಿಲ್ಡ್ ಮಾಡಿ, ಪರೀಕ್ಷೆಗಳನ್ನೂ ಹೊಸದಾಗಿ ನಡೆಸಿರಿ. ಅರ್ಧ ಗಂಟೆ ಹೋಗಲಿ. ಜನರ ಕೂಲಿಗಿಂತ ಅದು ದೊಡ್ಡದಲ್ಲ.

(ಉ) ಕ್ಯಾಶ್ ಕೆಟ್ಟಿತೆಂಬ ಸಂಶಯ ಬಂದರೆ ಹುಡುಕುತ್ತ ಕೂಡಬೇಡಿ. ಡಿಸ್ಕನ್ನು ಬರಿದು ಮಾಡಿ, ಬಕೆಟ್ಟಿನಲ್ಲಿ ಹೊಸ ಹೆಸರಿನ ಉಪವಿಭಾಗವನ್ನು ತೋರಿಸಿ, ಸರ್ವರನ್ನು ಮತ್ತೆ ಪ್ರಾರಂಭಿಸಿರಿ. ಹಳೆಯದು ತನಿಖೆಗೆ ಉಳಿಯುವುದು. ಕ್ಯಾಶ್ ಎಂಬುದು ದಫ್ತರಖಾನೆಯಲ್ಲ. ಅದರಲ್ಲಿರುವ ಯಾವುದನ್ನು ಅಳಿಸಿದರೂ ಹೊತ್ತು ಹೆಚ್ಚಾದೀತೇ ಹೊರತು ಕೆಲಸ ನಿಲ್ಲಬಾರದು. ಸರ್ವರೇ ಬಿದ್ದುಹೋದರೂ ಬಿಲ್ಡ್ ನಿಧಾನವಾಗಿ ನಡೆಯುವಂತೆ ಏರ್ಪಾಡಿರಬೇಕು.

7. ಬಿಲ್ಲನ್ನು ಓದುವ ಬಗೆ

ಈ ಭಾಗ ವಿಶೇಷವಾಗಿ ಲೆಕ್ಕಪತ್ರ ನೋಡುವ ಬಂಧುಗಳಿಗೆ. ಮೋಡದ ಸಂಗ್ರಹದ ಬಿಲ್ಲು ನಿಮ್ಮ ಮೇಜಿಗೆ ಬಂದಾಗ ಮೂರು ಬಾಬುಗಳನ್ನು ಬೇರೆಬೇರೆಯಾಗಿ ನೋಡಿ. ಒಂದು, ಇಟ್ಟ ವಸ್ತುವಿನ ಬಾಡಿಗೆ: ತಿಂಗಳಿಗೆ ಗಿಗಾಬೈಟಿನ ಲೆಕ್ಕ. ಎರಡು, ಕೇಳಿಕೆಗಳ ಶುಲ್ಕ: ಇಡುವುದಕ್ಕೂ ತೆಗೆಯುವುದಕ್ಕೂ ಸಾವಿರಕ್ಕಿಷ್ಟು ಎಂದು. ಬಿಲ್ಡ್ ಕ್ಯಾಶ್‌ನಲ್ಲಿ ಸಣ್ಣ ಸಣ್ಣ ವಸ್ತುಗಳು ಬಹಳವಾದುದರಿಂದ ಈ ಬಾಬು ಮೆಲ್ಲಗೆ ಬೆಳೆಯುವುದು. ಮೂರು, ಹೊರಸಾಗಣೆ: ಎಸ್3ರಲ್ಲಿ ಇಂಟರ್ನೆಟ್ಟಿನಿಂದ ವಸ್ತುವನ್ನು ಒಳಗೆ ಹಾಕಲು ಸಾಗಣೆಯ ಸುಂಕವಿಲ್ಲ, ಹೊರಗೆ ತೆಗೆಯಲು ಸುಂಕವುಂಟು. ಸರ್ವರೂ ಬಕೆಟ್ಟೂ ಒಂದೇ ಪ್ರಾಂತದಲ್ಲಿದ್ದರೆ ಅವುಗಳ ನಡುವಿನ ಸಾಗಣೆಗೆ ಸುಂಕ ಬೀಳದು.

ಇಲ್ಲಿಯೂ ಒಂದು ಹೊಂಡವಿದೆ. ಸರ್ವರು ಅಮೆಜಾನಿನ ಖಾಸಗಿ ಜಾಲದಲ್ಲಿದ್ದು, ನ್ಯಾಟ್ ಗೇಟ್‌ವೇ ಎಂಬ ಬಾಗಿಲಿನ ಮೂಲಕ ಬಕೆಟ್ಟನ್ನು ತಲುಪುವಂತಿದ್ದರೆ, ಹಾದುಹೋದ ಪ್ರತಿ ಗಿಗಾಬೈಟಿಗೂ ಆ ಬಾಗಿಲಿನ ಸುಂಕ ತೆರಬೇಕು. ಎಸ್3ಗೆಂದೇ ಇರುವ ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ಪಕ್ಕದ ಬಾಗಿಲಿಗೆ ಸುಂಕವಿಲ್ಲ. ಬಿಲ್ಲಿನಲ್ಲಿ ನ್ಯಾಟ್ ಎಂಬ ಸಾಲು ದೊಡ್ಡದಾಗಿ ಕಂಡರೆ ಕೂಡಲೇ ಯಂತ್ರದವರನ್ನು ಕರೆದು ಕೇಳಿ. ಲೆಕ್ಕದವನ ಪ್ರಶ್ನೆಯೆಂದು ಅವರು ಕಡೆಗಣಿಸಿದರೂ ಬಿಡಬೇಡಿ.

ಕೊನೆಯದು, ಕಸ ತೆಗೆಯುವ ಏರ್ಪಾಡು. ಡಿಸ್ಕಿನ ಗಾತ್ರವನ್ನು ಸರ್ವರು ಕಾಯುವುದು. ಬಕೆಟ್ಟನ್ನು ಅದು ಶುಚಿಮಾಡದು. ಬಕೆಟ್ಟಿಗೆ ‘ಇಷ್ಟು ದಿನವಾದ ವಸ್ತುವನ್ನು ಅಳಿಸು’ ಎಂಬ ನಿಯಮವನ್ನು ನಾವೇ ಹಾಕಬೇಕು. ಈ ನಿಯಮವು ವಸ್ತು ಸೇರಿದ ದಿನದಿಂದ ಎಣಿಸುವುದೇ ಹೊರತು ಕೊನೆಯ ಸಲ ಬಳಸಿದ ದಿನದಿಂದಲ್ಲ. ಹೀಗಾಗಿ ಉಪಯೋಗದಲ್ಲಿರುವ ವಸ್ತುವೂ ಒಮ್ಮೊಮ್ಮೆ ಹೋಗಬಹುದು. ಕಿರ್ದಿಯಲ್ಲಿ ನಮೂದು ಉಳಿದು ಗೋದಾಮು ಖಾಲಿಯಾಗಬಹುದು. ಬೇಜಲ್-ರಿಮೋಟ್ ಕಿರ್ದಿಯ ಉತ್ತರವನ್ನು ಕೊಡುವ ಮೊದಲು ವಸ್ತುಗಳು ಇವೆಯೇ ಎಂದು ನೋಡುವುದು. ಇಲ್ಲದಿದ್ದರೆ ‘ಇಲ್ಲ’ ಎನ್ನುವುದು. ಆಗ ಕೆಲಸ ಹೊಸದಾಗಿ ನಡೆಯುವುದು. ಆ ತಪಾಸಣೆಯನ್ನು ವೇಗದ ಆಸೆಗಾಗಿ ಆರಿಸಬೇಡಿ.

8. ಸಾರಾಂಶ

ಒಳಹರಿವು ಒಂದೇ ಆದರೆ ಫಲ ಒಂದೇ. ಆದುದರಿಂದ ಒಮ್ಮೆ ಮಾಡಿದ ಕೆಲಸವನ್ನು ಹಂಚಿಕೊಳ್ಳಬಹುದು. ಆದರೆ ಒಳಹರಿವಿನ ಪಟ್ಟಿ ಪೂರ್ತಿಯಾಗಿರಬೇಕು, ಕಿರ್ದಿ ಬರೆಯುವ ಕೈ ಒಂದೇ ಆಗಿರಬೇಕು, ಹಣ ಮುಟ್ಟುವ ಕೆಲಸಕ್ಕೆ ಮರುಪರೀಕ್ಷೆ ಇರಬೇಕು. ಲೆಕ್ಕದ ಕಚೇರಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿಯೂ ಇದೇ. ಬರೆಯುವವನೊಬ್ಬ, ತಾಳೆ ನೋಡುವವನೊಬ್ಬ.

ಅಭ್ಯಾಸಕ್ಕೆ ಪ್ರಶ್ನೆಗಳು

1. ವೇಳೆಯನ್ನು ಹೋಲಿಸುವ ಕ್ರಮಕ್ಕೂ ಒಳಗಿನ ಗುರುತನ್ನು ಹೋಲಿಸುವ ಕ್ರಮಕ್ಕೂ ಭೇದವೇನು?
2. ಗೋದಾಮಿನ ತಪ್ಪು ಸಿಕ್ಕಿಬೀಳುವುದು, ಕಿರ್ದಿಯ ತಪ್ಪು ಸಿಕ್ಕಿಬೀಳದು. ಏಕೆ?
3. ನಿಮ್ಮ ಸ್ವಂತ ಕೆಲಸದಲ್ಲಿ ‘ಗೋಡೆಯ ಮೇಲಿನ ಪಟ್ಟಿ’ ಯಾವುದು? ಎಲ್ಲರೂ ಒಂದೇ ಎಂದು ತಿಳಿದು, ಯಾರೂ ಚೀಟಿಯಲ್ಲಿ ಬರೆಯದೆ ಬಿಟ್ಟಿರುವ ಸಂಗತಿಯೊಂದನ್ನು ಹುಡುಕಿ ಬರೆಯಿರಿ.

ಮೂರನೆಯ ಪ್ರಶ್ನೆಗೆ ಕಂಪ್ಯೂಟರ್ ಬೇಕಾಗಿಲ್ಲ. ಉತ್ತರ ಬರೆದವರು ವಾಚನಾಲಯದ ಮೇಜಿನ ಮೇಲಿಟ್ಟರೆ ಸಾಯಂಕಾಲ ಕೂಡಿದಾಗ ಎಲ್ಲರೂ ಓದೋಣ.